ಶುಗರ್ ನೋಡಿದರೆ ಸಾಲದು, ಮೂತ್ರವನ್ನೂ ನೋಡಿ

ಮಾನ್ಯ ಸಂಪಾದಕರೇ,

ಲ್ಯಾಬ್ ವರದಿಯಲ್ಲಿ ಕ್ರಿಯಾಟಿನಿನ್ 1.1 ಎಂದಿದ್ದು, ಪಕ್ಕದಲ್ಲಿ ‘0.6ರಿಂದ 1.1’ ಎಂಬ ಮಿತಿ ಅಚ್ಚಾಗಿದ್ದರೆ ‘ಕಿಡ್ನಿಗೇನೂ ಆಗಿಲ್ಲ’ ಎಂದು ಚೀಟಿ ಮಡಚಿಡುವುದು ರೂಢಿ. ಸಕ್ಕರೆ ಕಾಯಿಲೆ ಇರುವವರ ಮಟ್ಟಿಗೆ ಈ ನೆಮ್ಮದಿಗೆ ಆಧಾರವಿಲ್ಲ. ಕ್ರಿಯಾಟಿನಿನ್ ಎಂಬ ಕಸ ಹುಟ್ಟುವುದು ಮಾಂಸಖಂಡದಲ್ಲಿ, ಅದನ್ನು ರಕ್ತದಿಂದ ಸೋಸಿ ಹೊರಹಾಕುವುದು ಕಿಡ್ನಿ. ವಯಸ್ಸಾಗಿ ಮೈ ಬತ್ತಿದವರಲ್ಲಿ ಅದು ಹುಟ್ಟುವುದೇ ಕಡಿಮೆ, ಹಾಗಾಗಿ ಕಿಡ್ನಿ ಸೋತಿದ್ದರೂ ಅಂಕಿ ಏರಿದಂತೆ ಕಾಣುವುದಿಲ್ಲ. 25 ವರ್ಷದ ಗಂಡಸಿಗೆ 1.1 ಇದ್ದರೆ ಕಿಡ್ನಿ ಸೋಸುವ ವೇಗ ಲೆಕ್ಕದ ಪ್ರಕಾರ ನಿಮಿಷಕ್ಕೆ ಸುಮಾರು 95 ಮಿ.ಲೀ. 65 ವರ್ಷದ ಹೆಂಗಸಿಗೆ ಅದೇ 1.1 ಇದ್ದರೆ ಸುಮಾರು 56. ಈ ವೇಗ ಮೂರು ತಿಂಗಳಿಗೂ ಹೆಚ್ಚು ಕಾಲ 60ಕ್ಕಿಂತ ಕೆಳಗೇ ಉಳಿದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. ಇಜಿಎಫ್‌ಆರ್ ಎನ್ನುವ ಈ ಅಂಕಿಗೆ ಬೇರೆ ಯಂತ್ರ ಬೇಡ, ಇನ್ನೊಮ್ಮೆ ಸೂಜಿ ಚುಚ್ಚುವುದೂ ಬೇಡ. ಕ್ರಿಯಾಟಿನಿನ್, ವಯಸ್ಸು, ಲಿಂಗ ಕೊಟ್ಟರೆ ಕಂಪ್ಯೂಟರೇ ಲೆಕ್ಕ ಹಾಕುತ್ತದೆ. ಕೊಡಗಿನ ಐದೂ ತಾಲ್ಲೂಕುಗಳ ಲ್ಯಾಬ್‌ಗಳು, ಸರ್ಕಾರಿಯಾಗಲಿ ಖಾಸಗಿಯಾಗಲಿ, ಕ್ರಿಯಾಟಿನಿನ್ ಸಾಲಿನ ಕೆಳಗೆ ಇದನ್ನೂ ಮುದ್ರಿಸಬೇಕು. ಖರ್ಚಿಲ್ಲದ ಕೆಲಸ; ಇನ್ನೂ ಎಲ್ಲೆಡೆ ಆಗಿಲ್ಲ ಎಂಬುದೇ ಸೋಜಿಗ.

ರಕ್ತಕ್ಕಿಂತ ಮೊದಲೇ ಸುಳಿವು ಕೊಡುವುದು ಮೂತ್ರ. ಸಕ್ಕರೆ ಏರಿದಾಗ ಕಿಡ್ನಿಯ ಸೋಸುವ ಗಂಟುಗಳಿಗೆ ರಕ್ತ ತರುವ ನಾಳ ಹಿಗ್ಗಿ, ಒಳಗಿನ ಒತ್ತಡ ಹೆಚ್ಚುತ್ತದೆ. ಮೊದಲ ವರ್ಷಗಳಲ್ಲಿ ಕಿಡ್ನಿ ಮಾಮೂಲಿಗಿಂತ ಹೆಚ್ಚೇ ಸೋಸುವುದುಂಟು, ರಕ್ತದ ವರದಿ ಚೆಂದ ಕಾಣುವುದೂ ಆಗಲೇ. ಕ್ರಮೇಣ ಜರಡಿ ಸಡಿಲಗೊಂಡು ಆಲ್ಬುಮಿನ್ ಎಂಬ ಪ್ರೋಟೀನ್ ಸೋರತೊಡಗುತ್ತದೆ. ನೋವಿಲ್ಲ, ಊತವಿಲ್ಲ, ಮೂತ್ರವೂ ಕಡಿಮೆಯಾಗುವುದಿಲ್ಲ. ಬಿಡದೆ ನೊರೆ ಕಾಣುವ ಹೊತ್ತಿಗೆ ಸೋರಿಕೆ ಬಹಳ ಮುಂದೆ ಹೋಗಿರುತ್ತದೆ. ಪಟ್ಟಿ ಅದ್ದಿ ನೋಡುವ ಮಾಮೂಲಿ ಪರೀಕ್ಷೆಗೆ ಆರಂಭದ ಸೋರಿಕೆ ಸಿಗದು. ‘ನಿಲ್’ ಎಂದೇ ಬರುತ್ತದೆ. ಕೇಳಿ ಮಾಡಿಸಬೇಕಾದದ್ದು ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ, ಲ್ಯಾಬಿನವರ ಬಾಯಲ್ಲಿ ಎಸಿಆರ್. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿ.ಗ್ರಾಂ. ಒಳಗಿದ್ದರೆ ಸರಿ. 30ರಿಂದ 300 ಎಚ್ಚರಿಕೆಯ ಹಂತ, ತಡೆಯಲು ಅವಕಾಶ ಹೆಚ್ಚಿರುವುದು ಇಲ್ಲೇ. 300 ದಾಟಿದರೆ ತೀವ್ರ ಸೋರಿಕೆ. ಟೈಪ್ 2 ಇರುವವರು ಕಾಯಿಲೆ ಗೊತ್ತಾದ ದಿನದಿಂದಲೇ ವರ್ಷಕ್ಕೊಮ್ಮೆ, ಟೈಪ್ 1 ಇರುವವರು ಐದು ವರ್ಷದ ನಂತರ ವರ್ಷಕ್ಕೊಮ್ಮೆ ಮಾಡಿಸಬೇಕು.

ಬೆಳಗಿನ ಮೊದಲ ಮೂತ್ರ ಉತ್ತಮ. ಜ್ವರ, ಮೂತ್ರದ ಸೋಂಕು, ಮುಟ್ಟು ಇದ್ದಾಗ ಅಥವಾ ಕಾಫಿ ಮೂಟೆ ಹೊತ್ತ ಮರುದಿನ ಕೊಟ್ಟರೆ ಅಂಕಿ ಸುಳ್ಳೇ ಏರುತ್ತದೆ. ಆದ್ದರಿಂದ ಒಂದೇ ವರದಿ ನೋಡಿ ಹೆದರಬೇಕಿಲ್ಲ. ಮೂರರಿಂದ ಆರು ತಿಂಗಳೊಳಗೆ ಮೂರು ಬಾರಿ ನೋಡಿ, ಎರಡರಲ್ಲಿ ಹೆಚ್ಚಿದ್ದರೆ ಖಚಿತ. ಕಕ್ಕಡ ಮಾಸದ ಹದಿನೆಂಟರಂದು ಮದ್ದು ಸೊಪ್ಪಿನ ರಸದ ಪಾಯಸ ಉಂಡವರ ಮೂತ್ರಕ್ಕೆ ಬಣ್ಣ ಬರುವುದು ಕೊಡಗಿನವರಿಗೆ ಹೊಸದಲ್ಲ. ಬಣ್ಣ ನೋಡಿ ಓದುವ ಪರೀಕ್ಷೆಗಳನ್ನು ಅದು ತಿಳಿಯಾಗುವವರೆಗೆ ಮುಂದೂಡಿ. ಪಾಯಸದ ಬೆಲ್ಲವೂ ಸಕ್ಕರೆಯೇ, ದಿನನಿತ್ಯದ ಬೆಲ್ಲದ ಕಾಫಿಯದೂ ಅಷ್ಟೇ. ಕಾಫಿಯ ತಪ್ಪು ಏನಿಲ್ಲ.

ಸೋರಿಕೆ ಖಚಿತವಾದರೆ ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ರಾಮಿಪ್ರಿಲ್ ಗುಂಪಿನ ಒಂದು ಮಾತ್ರೆ ಬರೆಯುತ್ತಾರೆ. ಇದು ಬರೀ ಬಿಪಿ ಮಾತ್ರೆಯಲ್ಲ, ಸೋಸುವ ಗಂಟಿನೊಳಗಿನ ಒತ್ತಡವನ್ನೇ ಇಳಿಸುತ್ತದೆ. ಒತ್ತಡ ಇಳಿದಾಗ ಕ್ರಿಯಾಟಿನಿನ್ ಸ್ವಲ್ಪ ಏರುವುದು ಸಹಜ. ಎರಡರಿಂದ ನಾಲ್ಕು ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ಎರಡನ್ನೂ ನೋಡಬೇಕು, ಏರಿಕೆ ಶೇ. 30ರ ಒಳಗಿದ್ದರೆ ಮಾತ್ರೆ ನಿಲ್ಲಿಸಬಾರದು. ‘ಮಾತ್ರೆಯಿಂದ ಕಿಡ್ನಿ ಕೆಟ್ಟಿತು’ ಎಂದು ಬಿಟ್ಟುಬಿಡುವುದು ಇಲ್ಲೇ. ಗರ್ಭಿಣಿಯರಿಗೆ ಮಾತ್ರ ಈ ಗುಂಪು ಸಲ್ಲದು. ಬಿಪಿ 130/80ಕ್ಕಿಂತ ಕೆಳಗಿರಲಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಸಕ್ಕರೆ ಇಳಿಸುವುದಕ್ಕಿಂತ ಹೆಚ್ಚಾಗಿ ಕಿಡ್ನಿ ಕಾಯುವುದಕ್ಕೆ ಬೇಕು. ಪೇಟೆಂಟ್ ಮುಗಿದು ಈಗ ಅಗ್ಗವೂ ಆಗಿವೆ. ಇಜಿಎಫ್‌ಆರ್ 20 ಇರುವವರೆಗೂ ಶುರು ಮಾಡಬಹುದು. ಗುಪ್ತಾಂಗದಲ್ಲಿ ಬೂಷ್ಟಿನ ಸೋಂಕು ಬರುವುದುಂಟು, ಶುಚಿಯಾಗಿ ಒಣಗಿಸಿಕೊಂಡರೆ ಬಹುಪಾಲು ತಪ್ಪುತ್ತದೆ. ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆಯನ್ನು ಇಜಿಎಫ್‌ಆರ್ 45ರ ಕೆಳಗಿಳಿದರೆ ಕಡಿಮೆ ಮಾಡಿ, 30ರ ಕೆಳಗೆ ನಿಲ್ಲಿಸುತ್ತಾರೆ.

ಮಳೆಗಾಲದ ಮಾತು ಬೇರೆಯೇ ಇದೆ. ವಾಂತಿ–ಭೇದಿ ಹತ್ತಿ ಮೈಯ ನೀರು ಆರಿದ ದಿನ ಟೆಲ್ಮಿಸಾರ್ಟಾನ್, ನೀರು ಹೋಗುವ ಮಾತ್ರೆ, ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್ ಇವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತದೆ. ಯಾವುದನ್ನು, ಎಷ್ಟು ದಿನ ಎಂದು ವೈದ್ಯರಿಂದ ಮೊದಲೇ ಚೀಟಿಯಲ್ಲಿ ಬರೆಸಿಟ್ಟುಕೊಳ್ಳಿ. ಇನ್ಸುಲಿನ್ ಮಾತ್ರ ಪೂರ್ತಿ ನಿಲ್ಲಿಸಬಾರದು. ಇದೇ ಹೊತ್ತಿಗೆ ಮೈಕೈ ನೋವೆಂದು ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ತಂದು ನುಂಗಿದರೆ ಕಿಡ್ನಿಗೆ ರಕ್ತ ಹರಿಯುವ ಕೊನೆಯ ದಾರಿಯೂ ಕಿರಿದಾಗುತ್ತದೆ. ಬಿಪಿ ಮಾತ್ರೆ, ನೀರಿನ ಮಾತ್ರೆ, ನೋವಿನ ಮಾತ್ರೆ ಮೂರೂ ಕೂಡಿದಾಗ ಕೆಲವೇ ದಿನಗಳಲ್ಲಿ ಕಿಡ್ನಿ ನಿಲ್ಲಬಹುದು. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಗದ್ದೆ, ಚರಂಡಿಯ ಕೆಸರಲ್ಲಿ ಕೆಲಸ ಮಾಡಿದವರಿಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾದರೆ ಅದು ಇಲಿ ಜ್ವರವಿರಬಹುದು. ಅದೂ ನೇರ ಕಿಡ್ನಿಗೇ ಹೊಡೆಯುತ್ತದೆ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಈ ತಿಳಿವಳಿಕೆ ತಲುಪಿಸುವುದು ತೋಟದ ಮಾಲೀಕರ ಕೆಲಸವೂ ಹೌದು.

ಹಿತ್ತಲ ಹಣ್ಣುಗಳಲ್ಲಿ ಎರಡರ ಬಗ್ಗೆ ಕಟ್ಟುನಿಟ್ಟಾಗಿ ಹೇಳಬೇಕು. ಕಿಡ್ನಿ ಸೋತವರಿಗೆ ಧಾರೆಹುಳಿ (ಸ್ಟಾರ್ ಫ್ರೂಟ್) ವಿಷ: ಬಿಡದ ಬಿಕ್ಕಳಿಕೆ, ಗಲಿಬಿಲಿ, ಫಿಟ್ಸ್ ಬರಬಹುದು. ಬಿಂಬುಳಿಯ ರಸವನ್ನು ಕೊಲೆಸ್ಟರಾಲ್ ಇಳಿಯಲೆಂದು ಲೋಟಗಟ್ಟಲೆ ಕುಡಿದು, ಆಕ್ಸಲೇಟ್ ಹರಳು ಕಟ್ಟಿ ಕಿಡ್ನಿ ಕೆಟ್ಟವರ ಪ್ರಕರಣಗಳು ಪಕ್ಕದ ಕೇರಳದಿಂದ ವರದಿಯಾಗಿವೆ. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ. ಒಣ ಮೀನು, ಉಪ್ಪಿನಕಾಯಿ, ಹಪ್ಪಳ ಈ ಲೆಕ್ಕದೊಳಗೇ ಬರಬೇಕು. ‘ಲೋ ಸೋಡಿಯಂ’ ಉಪ್ಪು ಕೊಳ್ಳಬೇಡಿ, ಅದರಲ್ಲಿರುವುದು ಪೊಟ್ಯಾಸಿಯಂ, ಸೋತ ಕಿಡ್ನಿ ಅದನ್ನು ಸರಿಯಾಗಿ ಹೊರಹಾಕಲಾರದು. ಪಂದಿಕರಿ (ಹಂದಿ ಮಾಂಸದ ಅಡುಗೆ) ಬಿಡಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಡಯಾಲಿಸಿಸ್ ಇಲ್ಲದವರಿಗೆ ಪ್ರೋಟೀನ್ ದೇಹದ ಕಿಲೋ ತೂಕಕ್ಕೆ ದಿನಕ್ಕೆ 0.8 ಗ್ರಾಂ, 60 ಕಿಲೋ ಇದ್ದವರಿಗೆ 48 ಗ್ರಾಂ. ಬೇಳೆ, ಹಾಲು ಎಲ್ಲ ಸೇರಿ ಇಷ್ಟು. ಒಂದು ಸಣ್ಣ ಬಟ್ಟಲು ಕರಿ ಇದರಲ್ಲಿ ಹಿಡಿಸುತ್ತದೆ, ಮದುವೆ ಮನೆಯ ಬಡಿಸುವಿಕೆ ಹಿಡಿಸುವುದಿಲ್ಲ.

ಯಾವ ಪಥ್ಯವೂ ಹೊಸದಾಗಿ ಮಾಡದೆ ಶುಗರ್ ತಾನಾಗಿ ಇಳಿದು, ಇನ್ಸುಲಿನ್ ಕಡಿಮೆ ಸಾಕೆನಿಸಿದರೆ ಖುಷಿಪಡುವ ಮುನ್ನ ಕಿಡ್ನಿ ನೋಡಿಸಿ. ಇನ್ಸುಲಿನ್ನನ್ನು ಮೈಯಿಂದ ತೆಗೆಯುವುದರಲ್ಲಿ ಕಿಡ್ನಿಯ ಪಾಲು ದೊಡ್ಡದು. ಅದು ಸೋತಾಗ ಇನ್ಸುಲಿನ್ ಉಳಿದು ಶುಗರ್ ಕುಸಿಯುತ್ತದೆ. ಗ್ಲಿಬೆನ್‌ಕ್ಲಮೈಡ್ ಎಂಬ ಶುಗರ್ ಮಾತ್ರೆ ನುಂಗುವವರಿಗೆ ಅಪಾಯ ಇನ್ನೂ ಹೆಚ್ಚು.

ಡಯಾಲಿಸಿಸ್ ಹತ್ತಿರವಾಗುತ್ತಿರುವವರು ಎಡಗೈಯ ರಕ್ತನಾಳಗಳನ್ನು ಕಾಪಾಡಿಕೊಳ್ಳಿ, ಎಡಚರಾದರೆ ಬಲಗೈಯವು. ಆ ತೋಳಿನಲ್ಲಿ ರಕ್ತ ತೆಗೆಸಬೇಡಿ, ಡ್ರಿಪ್ ಹಾಕಿಸಬೇಡಿ. ಡಯಾಲಿಸಿಸ್‌ಗೆಂದು ತೋಳಿನ ಎರಡು ರಕ್ತನಾಳ ಜೋಡಿಸುವ ಫಿಸ್ಟುಲಾ ಮಾಡಿಸಿದ ಮೇಲೆ ಬಳಕೆಗೆ ಬರಲು ಆರು ವಾರದಿಂದ ಮೂರು ತಿಂಗಳು ಬೇಕು. ತಡ ಮಾಡಿದರೆ ಕತ್ತಿನ ಕೊಳವೆ, ಅದರ ಬೆನ್ನಿಗೇ ಸೋಂಕು. ವಾರಕ್ಕೆ ಮೂರು ಸಲ ನಾಲ್ಕು ಗಂಟೆಯ ಡಯಾಲಿಸಿಸ್‌ಗೆ ದಾರಿ ತೆರೆದಿರಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಮಂಗಳೂರು ಹೆದ್ದಾರಿ ಕಡಿದುಹೋದದ್ದನ್ನು ಜಿಲ್ಲೆ ಮರೆತಿಲ್ಲ. ಮನೆಯಲ್ಲೇ ಹೊಟ್ಟೆಯ ಮೂಲಕ ಮಾಡುವ ಪೆರಿಟೋನಿಯಲ್ ಡಯಾಲಿಸಿಸ್ ಕೊಡಗಿಗೆ ಹೆಚ್ಚು ಹೊಂದುತ್ತದೆ ಎಂಬುದು ನಮ್ಮ ಅಭಿಪ್ರಾಯ. ದಿನಕ್ಕೆ ಮೂರ್ನಾಲ್ಕು ಸಲ ಸುಮಾರು 2 ಲೀಟರ್ ದ್ರವ ತುಂಬಿ ಬಸಿಯುವುದು, ಕೈಯಿಂದ ಮಾಡಿದರೆ ಕರೆಂಟ್ ಬೇಡ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ನಾಯಿ–ಬೆಕ್ಕು ಹೊರಗಿಟ್ಟು, ಕೈ ತೊಳೆದು ಮಾಡಬೇಕು. ಚೀಲದ ಪೆಟ್ಟಿಗೆಗಳನ್ನು ತೇವದ ನೆಲಕ್ಕಿಡದೆ ಹಲಗೆಯ ಮೇಲಿಡಬೇಕು. ಬಸಿದ ದ್ರವ ಮಬ್ಬಾಗಿದ್ದರೆ ಅಂದೇ ಆಸ್ಪತ್ರೆಗೆ.

ಜಿಲ್ಲಾ ಆರೋಗ್ಯ ಇಲಾಖೆ ಎಸಿಆರ್ ಪರೀಕ್ಷೆ ತಾಲ್ಲೂಕು ಆಸ್ಪತ್ರೆಗಳಲ್ಲಿ ವರ್ಷವಿಡೀ ಸಿಗುವಂತೆ ಮಾಡಬೇಕು. ಕುಟ್ಟ, ಕರಿಕೆಯಂಥ ದೂರದ ಊರುಗಳಿಂದ ರೋಗಿ ಬರಬೇಕಿಲ್ಲ. 2ರಿಂದ 8 ಡಿಗ್ರಿಯಲ್ಲಿ ಇಟ್ಟ ಮೂತ್ರ ಏಳು ದಿನ ಕೆಡದು, ಫ್ರೀಜರಿಗೆ ಹಾಕದಿದ್ದರಾಯಿತು. ವಾರಕ್ಕೊಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರದ ಫ್ರಿಜ್‌ನಿಂದ ಡಬ್ಬಿಗಳು ಐಸ್ ಪೆಟ್ಟಿಗೆಯಲ್ಲಿ ಹೊರಟರೆ ಸಾಕು. ಡಯಾಲಿಸಿಸ್‌ನಲ್ಲಿರುವವರ ಪಟ್ಟಿ ಜೂನ್‌ಗೆ ಮೊದಲೇ ತಹಶೀಲ್ದಾರರ ಕೈಯಲ್ಲಿರಲಿ.

— ಸಕ್ಕರೆ ಕಾಯಿಲೆ ಮತ್ತು ಕಿಡ್ನಿ ರೋಗಿಗಳ ಆರೈಕೆಯಲ್ಲಿರುವ ವೈದ್ಯರು, ಲ್ಯಾಬ್ ತಂತ್ರಜ್ಞರು, ಮಡಿಕೇರಿ