ಚೆರಿ ಬಿಲ್ ಆದ ಮೇಲೆ

ಸಿದ್ದಾಪುರ
ಫೆಬ್ರವರಿ ಕೊನೆಯ ವಾರ

ಪ್ರೀತಿಯ ಮಗಳೇ,

ಕರ್ತನ ನಾಮದಲ್ಲಿ ನಿನಗೂ ಅಳಿಯಂದಿರಿಗೂ ವಂದನೆಗಳು. ಕಾಫಿ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ಐವತ್ತು ಕಿಲೋದ ಮೂವತ್ತು ಮೂಟೆ ಆಯಿತು, ಮೂಟೆಗೆ ಒಂಬತ್ತು ಸಾವಿರದ ಲೆಕ್ಕದಲ್ಲಿ 2,70,000 ಖಾತೆಗೆ ಬಂತು, ಮೊದಲು ದೇವರಿಗೆ ಕೊಡುವ ಹತ್ತನೆಯ ಪಾಲು, ಆ ದಶಮಾಂಶ ತೆಗೆಯಬೇಕೋ ಸೊಸೈಟಿ ಸಾಲ ಕಟ್ಟಬೇಕೋ ಎಂದು ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ತಿಂಗಳ ಸಂಬಳದವರಿಗೆ ಒಂದು ತಿಂಗಳು ಎಡವಿದರೆ ಮುಂದಿನ ತಿಂಗಳು ಸರಿಮಾಡಿಕೊಳ್ಳಬಹುದು. ತೋಟದವರಿಗೆ ಹಾಗಲ್ಲ. ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಖರ್ಚು ಹನ್ನೆರಡು ತಿಂಗಳೂ ಇರುತ್ತದೆ. ಆದ್ದರಿಂದ ಬಂದ ವಾರದಲ್ಲೇ ಪಾಲು ಮಾಡಿಬಿಡು. ಫೆಬ್ರವರಿಯಲ್ಲಿ ಪಾಲಾಗದ ದುಡ್ಡು ಜೂನ್ ಮಳೆ ಹಿಡಿಯುವ ಹೊತ್ತಿಗೆ ಎಲ್ಲಿ ಹೋಯಿತೆಂದೇ ಗೊತ್ತಾಗುವುದಿಲ್ಲ.

ಮೊದಲು ತೋಟದ ಪಾಲು. ಹೋದ ವರ್ಷ ಗೊಬ್ಬರ, ಕಳೆ, ನೆರಳಿನ ಮರದ ಕೊಂಬೆ ಕಡಿಯುವ ಮರಗಸಿ, ಸ್ಪ್ರಿಂಕ್ಲರಿಗೆ ಡೀಸೆಲ್, ಕೊಯ್ಲಿನ ಕೂಲಿ ಎಲ್ಲ ಸೇರಿ 1,10,000 ಆಗಿದೆ ಎಂದಿದ್ದೀಯ. ಅಷ್ಟನ್ನು ಎತ್ತಿ ಬೇರೆ ಖಾತೆಗೆ ಹಾಕು. ಸೊಸೈಟಿಯ 80,000 ಬೆಳೆ ಸಾಲ ಈ ಪಾಲಿನಿಂದಲೇ ತೀರಬೇಕು, ಏಕೆಂದರೆ ಆ ಸಾಲ ತೋಟಕ್ಕೇ ಹೋಗಿತ್ತು. ಬಡ್ಡಿ ಇಲ್ಲದ ಸಾಲ ಎಂದು ಸಲೀಸಾಗಿ ಇರಬೇಡ. ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ ಆ ರಿಯಾಯಿತಿ, ತಪ್ಪಿದರೆ ಬಡ್ಡಿ ಬೀಳುತ್ತದೆ. ಕಟ್ಟಿದ ಮೇಲೆ ಸೊಸೈಟಿ ಅದನ್ನೇ ಹೊಸ ಸಾಲವಾಗಿ ಮತ್ತೆ ಕೊಡುತ್ತದೆ. ಬಹಳ ಮನೆಗಳು ಎಡವುವುದು ಇಲ್ಲೇ, ನವೀಕರಿಸಿದ ಸಾಲ ಕೈಗೆ ಬಂದಾಗ ಅದನ್ನು ಆದಾಯವೆಂದು ತಿಳಿದು ಫ್ರಿಜ್ಜೋ ಬೈಕೋ ತರುತ್ತಾರೆ. ಆ 80,000 ಬಂದ ದಿನವೇ ತೋಟದ ಖಾತೆಗೆ ಹೋಗಲಿ.

ತೋಟದ ದುಡ್ಡನ್ನು ಉಳಿತಾಯ ಖಾತೆಯಲ್ಲಿ ಸುಮ್ಮನೆ ಬಿಡಬೇಡ, ಕಣ್ಣಿಗೆ ಬಿದ್ದರೆ ಕರಗುತ್ತದೆ. ಈಗಿನ ಸ್ಪ್ರಿಂಕ್ಲರ್ ಖರ್ಚಿಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಮೂರು ಎಫ್‌ಡಿ ಮಾಡು: ಮುಂಗಾರಿನ ಮುಂಚಿನ ಗೊಬ್ಬರಕ್ಕೆ ಮೂರು ತಿಂಗಳದ್ದು, ಮಳೆ ಕಳೆದ ಮೇಲಿನ ಗೊಬ್ಬರಕ್ಕೆ ಏಳು ತಿಂಗಳದ್ದು, ಕೊಯ್ಲಿನ ಕೂಲಿಗೆ ಒಂಬತ್ತೂವರೆ ತಿಂಗಳದ್ದು. ಮೂರನೆಯದೇ ದೊಡ್ಡದಿರಲಿ. ಕೊಯ್ಲಿನ ಹೊತ್ತಿಗೆ ಕೈ ಬರಿದಾದವರು ವ್ಯಾಪಾರಿಯ ಹತ್ತಿರ ಮುಂಗಡ ತೆಗೆಯುತ್ತಾರೆ. ಮುಂಗಡ ತೆಗೆದ ಮೇಲೆ ಕಾಫಿ ಅವನಿಗೇ ಹಾಕಬೇಕು, ಅವನು ಹೇಳಿದ ರೇಟಿಗೆ, ಅವನು ಹಿಡಿದ ಔಟ್‌ಟರ್ನಿಗೆ, ಅಂದರೆ ಚೆರಿಯಿಂದ ಇಷ್ಟು ಕಾಫಿ ಬೇಳೆ ಬರುತ್ತದೆಂದು ಅವನು ಹಿಡಿದ ಲೆಕ್ಕಕ್ಕೆ. ಸಾಲ ಮಾಡಿದವನು ಸಾಲ ಕೊಟ್ಟವನಿಗೆ ಆಳು ಎನ್ನುತ್ತದೆ ಬೈಬಲಿನ ಜ್ಞಾನೋಕ್ತಿ 22:7. ಐವತ್ತು ಕಿಲೋ ಚೆರಿಗೆ ಇಪ್ಪತ್ತೆಂಟು ಕಿಲೋ ಬೇಳೆ ಬರುವ ಮಾಲನ್ನು ಇಪ್ಪತ್ತಾರಕ್ಕೆ ಹಿಡಿದಾಗಲೂ ಬಾಯಿ ಮುಚ್ಚಿಕೊಂಡು ನಿಲ್ಲಬೇಕಾಗುತ್ತದಲ್ಲ, ಆ ಆಳುತನ ಅಂದರೆ ಅದು.

ತೋಟದ ಪಾಲು ತೆಗೆದರೆ ಉಳಿಯುವುದು 1,60,000. ದೇವರ ಪಾಲು ಇದರ ಮೇಲೆ, ಅಂದರೆ 16,000. ಒಟ್ಟು ಬಿಲ್ಲಿನ ಮೇಲೆ ತೆಗೆಯಬೇಕೇ ಎಂಬುದಕ್ಕೆ ನನ್ನ ಅಭಿಪ್ರಾಯ ಇಷ್ಟು: ಗೊಬ್ಬರ, ಕೂಲಿ ಕಳೆಯುವುದು ನ್ಯಾಯ, ಮನೆಖರ್ಚು, ಮಕ್ಕಳ ಫೀಸು, ಚಿನ್ನದ ಕಂತು ಕಳೆದು ಉಳಿದದ್ದರಲ್ಲಿ ಹತ್ತನೆಯ ಒಂದು ಎನ್ನುವುದು ಸರಿಯಲ್ಲ. ಹಾಗೆ ಕಳೆಯುತ್ತಾ ಹೋದರೆ ದೇವರಿಗೆ ಏನೂ ಉಳಿಯುವುದಿಲ್ಲ. ಜ್ಞಾನೋಕ್ತಿ 3:9 ಹೇಳುವುದು ಪ್ರಥಮಫಲವನ್ನು. ಹೊಸ ಒಡಂಬಡಿಕೆಯಲ್ಲಿ ಪೌಲನು ಶೇಕಡಾವಾರು ಹೇಳಲಿಲ್ಲ, ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಷ್ಟನ್ನು ಗೊಣಗದೆ ಕೊಡಿ ಎಂದ, 2 ಕೊರಿಂಥ 9:7 ನೋಡು. ಹತ್ತನೆಯ ಪಾಲು ಕೈಗೆ ಅಭ್ಯಾಸ ಮಾಡಿಸುವ ಅಳತೆ. ನಿನ್ನ ಶಾಲೆಯ ಸಂಬಳದ್ದನ್ನು ತಿಂಗಳು ತಿಂಗಳು ಸಂಬಳ ಬಂದ ದಿನವೇ ಕವರಿಗೆ ಹಾಕಿಡು.

ಆ 16,000ವನ್ನೂ ಒಂದೇ ಸಲ ಕೊಟ್ಟು ಮುಗಿಸಬೇಡ. ಸಭೆಯ ಚಂದಾ ವರ್ಷಕ್ಕೆ ಎಷ್ಟೆಂದು ಮೊದಲು ತೆಗೆದಿಡು. ಒಂದು ಪಾಲು ಲೈನ್ ಮನೆಗಳಲ್ಲಿರುವ ತೋಟದ ಕೂಲಿಯವರ ಕಷ್ಟಕ್ಕೆ, ಆಸ್ಪತ್ರೆ, ಮಕ್ಕಳ ಪುಸ್ತಕಕ್ಕೆ ಇರಲಿ. ಚರ್ಚಿನ ಸುಗ್ಗಿ ಹಬ್ಬದಲ್ಲಿ ಕಾಣಿಕೆಯ ವಸ್ತುಗಳ ಹರಾಜಿಗೆ ಮಿತಿಯನ್ನು ಮನೆಯಲ್ಲೇ ಗಂಡ ಹೆಂಡತಿ ಮಾತಾಡಿಕೊಂಡು ಹೋಗಿ. ಬಾಳೆಗೊನೆಗೆ ಎರಡು ಸಾವಿರ ಕೂಗುವುದು ಸುಲಭ, ಚಪ್ಪಾಳೆಯೂ ಬೀಳುತ್ತದೆ. ಈಸ್ಟರ್ ಬಂದರೂ ಪುಸ್ತಕದಲ್ಲಿ ಹೆಸರಿನ ಮುಂದೆ ಬಾಕಿ ನಿಂತಿದ್ದರೆ ಅದು ತೀರಿಸದ ಹರಕೆ, ಪ್ರಸಂಗಿ 5ನೇ ಅಧ್ಯಾಯ ಅದನ್ನು ಕಟುವಾಗಿ ಹೇಳುತ್ತದೆ. ಸಾಲ ತಂದು ಕಾಣಿಕೆ ಹಾಕಬೇಡ. ಮೊಬೈಲಿನಲ್ಲಿ ಬೀಜಕಾಣಿಕೆ ಬಿತ್ತಿ, ನೂರರಷ್ಟು ಬರುತ್ತದೆ ಎನ್ನುವವರಿಗೆ ಒಂದು ರೂಪಾಯಿಯೂ ಬೇಡ. ದೇವರೊಂದಿಗೆ ಬಡ್ಡಿ ವ್ಯವಹಾರ ಮಾಡುವವರು ಅವರು. ಅತ್ತೆಯವರ ಬಿಪಿ ಮಾತ್ರೆಗೆ ಕಡಿಮೆ ಮಾಡಿ ಕಾಣಿಕೆ ಹೆಚ್ಚಿಸುವುದನ್ನೂ ಯೇಸುಸ್ವಾಮಿ ಒಪ್ಪಲಿಲ್ಲ. ತಂದೆತಾಯಿಗೆ ಕೊಡಬೇಕಾದದ್ದನ್ನು ಕೊರ್ಬಾನ್, ಅಂದರೆ ದೇವರಿಗೆ ಅರ್ಪಿತ, ಎಂದು ಹೇಳಿ ತಪ್ಪಿಸಿಕೊಂಡವರನ್ನು ಆತನು ಬೈದದ್ದು ಮಾರ್ಕ 7ರಲ್ಲಿದೆ.

ಆಮೇಲೆ ಯೋಸೇಫನ ಪಾಲು. ಆದಿಕಾಂಡ 41ರಲ್ಲಿ ಏಳು ಸುಭಿಕ್ಷದ ವರ್ಷಗಳಲ್ಲಿ ಮುಂದಿನ ಬರಗಾಲಕ್ಕೆಂದು ಯೋಸೇಫನು ಐದನೆಯ ಒಂದು ಪಾಲು ಕಣಜಕ್ಕೆ ಹಾಕಿಸಿದ. ಕಾಫಿಯವರಿಗೆ ಇದಕ್ಕಿಂತ ಹತ್ತಿರದ ಪಾಠ ಬೈಬಲಿನಲ್ಲಿ ಇಲ್ಲ ಎಂದು ನನಗನ್ನಿಸುತ್ತದೆ. 2020ರ ಸುಮಾರಿಗೆ ರೊಬಸ್ಟಾ ಚೆರಿ ಮೂಟೆ ನಾಲ್ಕು ಸಾವಿರದ ಒಳಗಿತ್ತು, 2025ರ ಆರಂಭಕ್ಕೆ ಹತ್ತು ಸಾವಿರ ದಾಟಿತು. ಏರಿದ ಬೆಲೆ ಹಾಗೇ ನಿಲ್ಲುತ್ತದೆಂದು ಲೆಕ್ಕ ಹಾಕಿ ಕಾರು ತೆಗೆದವರಿಗೆ ಇಳಿದಾಗಲೂ ಕಂತು ಇಳಿಯುವುದಿಲ್ಲ. 2018ರ ಆಗಸ್ಟಿನ ಮಳೆಯಲ್ಲಿ ಕೊಡಗಿನಲ್ಲಿ ಗುಡ್ಡ ಜಾರಿದ ಕಡೆ ಬೆಲೆ ಇಳಿಯುವ ಪ್ರಶ್ನೆಯೇ ಇರಲಿಲ್ಲ, ತೋಟವೇ ಹೋಯಿತು. 1,60,000ದಲ್ಲಿ ಐದನೆಯ ಒಂದು 32,000. ಆರು ತಿಂಗಳ ಮನೆಖರ್ಚು ಜಮೆಯಾಗುವವರೆಗೆ ಇದನ್ನು ಬ್ಯಾಂಕಿನಲ್ಲೇ ಇಡು. ಬ್ಯಾಂಕು ಮುಳುಗಿದರೂ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷದವರೆಗೆ ಠೇವಣಿ ವಿಮೆ ಇದೆ. ಹಳ್ಳಿಯ ಸೊಸೈಟಿಯ ಠೇವಣಿಗೆ ಆ ವಿಮೆ ಇಲ್ಲ, ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಎಂದು ಎಲ್ಲವನ್ನೂ ಅಲ್ಲಿ ಸುರಿಯಬೇಡ.

ಉಳಿದ 1,12,000ವನ್ನು ಹನ್ನೆರಡರಿಂದ ಭಾಗಿಸು, ತಿಂಗಳಿಗೆ 9,300 ಚಿಲ್ಲರೆ. ತಿಂಗಳ ಒಂದನೇ ತಾರೀಕು ತಾನಾಗಿ ಮನೆ ಖಾತೆಗೆ ಬರುವಂತೆ ಬ್ಯಾಂಕಿನಲ್ಲಿ ಬರೆದುಕೊಡು. ನಿನ್ನ ಸಂಬಳ ಮತ್ತು ಇದು, ಎರಡೇ ಮನೆಯ ದುಡ್ಡು. ಮಹಡಿ ಹಾಕಿಸುವ ಮಾತು ಬಂದರೆ ಗೋಪುರ ಕಟ್ಟುವವನು ಮೊದಲು ಕೂತು ಲೆಕ್ಕ ಹಾಕುವ ಮಾತು ಲೂಕ 14:28ರಲ್ಲಿದೆ, ಓದಿಕೊ.

ಕೂಲಿಯ ವಿಷಯದಲ್ಲಿ ನಾನು ಖಂಡಿತವಾಗಿ ಹೇಳುತ್ತೇನೆ. ಬಟವಾಡೆ ದಿನ ತಪ್ಪಬಾರದು. ಕೂಲಿಯವನ ಕೂಲಿ ಬೆಳಗಿನವರೆಗೂ ನಿನ್ನ ಹತ್ತಿರ ಇರಬಾರದು ಎಂದು ಯಾಜಕಕಾಂಡ 19:13 ಹೇಳುತ್ತದೆ, ಹಿಡಿದಿಟ್ಟ ಕೂಲಿ ಕೂಗುತ್ತದೆ ಎನ್ನುತ್ತದೆ ಯಾಕೋಬನ ಪತ್ರಿಕೆ. ಸಂತೆಗೆ ಹೋಗಬೇಕಾದವರ ಕೈಗೆ ಐನೂರರ ಒಂದೇ ನೋಟು ಕೊಟ್ಟು ಚಿಲ್ಲರೆ ಇಲ್ಲ ಎನ್ನಬೇಡ, ಹಿಂದಿನ ದಿನವೇ ನೂರು, ಐವತ್ತರ ನೋಟು ತಂದಿಟ್ಟುಕೊ. ಹಣ್ಣು ತೂಗುವಾಗ ಖಾಲಿ ತಕ್ಕಡಿಯ ಮುಳ್ಳು ಸೊನ್ನೆಯಲ್ಲಿರುವುದನ್ನು ಕೊಯ್ದವರೇ ನೋಡಲಿ. ಚೀಲದ ತೂಕಕ್ಕೆಂದು ಕಳೆಯುವುದಾದರೆ ಒದ್ದೆ ಚೀಲವನ್ನೇ ಅವರೆದುರು ತೂಗಿ ಅಷ್ಟನ್ನೇ ಕಳೆ. ಸುಮ್ಮನೆ ಎರಡು ಕಿಲೋ ಮುರಿಯುವ ರೂಢಿ ಕೆಲವು ತೋಟಗಳಲ್ಲಿದೆ, ನಮ್ಮಲ್ಲಿ ಬೇಡ. ಗಿಡದಡಿ ಉದುರಿದ ಕೊನೆಯ ಕಾಳು ಹೆಕ್ಕಿಕೊಳ್ಳಲು ಬಡವರು ಬಂದರೆ ಬಿಡು. ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡಿ ಎಂಬ ಆಜ್ಞೆಯೂ ಅದೇ 19ನೇ ಅಧ್ಯಾಯದಲ್ಲಿದೆ.

ಜಾಮೀನು. ಬ್ಯಾಂಕಿಗೆ ಒಂದು ಸಹಿ ಸಾಕು ಎಂದು ಸಂಬಂಧಿಕರು ಬರುತ್ತಾರೆ, ಶಾಲೆಯ ಸಂಬಳದವಳು ನೀನು, ಬಂದೇ ಬರುತ್ತಾರೆ. 1872ರ ಕರಾರು ಕಾಯಿದೆಯ 128ನೇ ಕಲಮಿನ ಪ್ರಕಾರ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ. ಬ್ಯಾಂಕು ಮೊದಲು ಅವನನ್ನು ಹಿಡಿದು ಆಮೇಲೆ ನಿನ್ನ ಹತ್ತಿರ ಬರಬೇಕೆಂದಿಲ್ಲ. ಜ್ಞಾನೋಕ್ತಿ 6ರ ಮೊದಲ ಐದು ವಚನ ಇದರ ಬಗ್ಗೆಯೇ ಇದೆ. ಸಹಿ ಬೇಡ, ಆಗುವಷ್ಟು ಕೈಯಿಂದ ಕೊಡು, ತಿರುಗಿ ಬರದಿದ್ದರೂ ಮನಸ್ಸು ಕೆಡದಷ್ಟೇ ಕೊಡು. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಮೂವತ್ತಾರು ಎಂಬುದನ್ನೂ ಅವರಿಗೆ ಬಿಡಿಸಿ ಹೇಳು, ಅವರು ಮುಂದೆ ಬಡ್ಡಿಗೆ ಕೊಡುವವರ ಹತ್ತಿರವೇ ಹೋಗುತ್ತಾರೆಂದು ಗೊತ್ತಲ್ಲ.

ಇನ್ನೊಂದು. ಬ್ಯಾಂಕಿನಲ್ಲಿ ಇಬ್ಬರೂ ಸರ್ಕಾರದ ಜೀವನಜ್ಯೋತಿ ಜೀವವಿಮೆ ಮತ್ತು ಸುರಕ್ಷಾ ಅಪಘಾತ ವಿಮೆಗೆ ಬರೆದುಕೊಡಿ, ಒಬ್ಬರಿಗೆ ವರ್ಷಕ್ಕೆ 436 ಮತ್ತು 20 ರೂಪಾಯಿ, ಒಂದೊಂದಕ್ಕೂ ಎರಡು ಲಕ್ಷ. ಜೂನ್ 1ರಿಂದ ಮೇ 31ರವರೆಗೆ ಅದರ ವರ್ಷ. ಮೇ ತಿಂಗಳಲ್ಲಿ ಶಾಲೆಯ ಫೀಸು ಕಟ್ಟಿ ಖಾತೆ ಖಾಲಿಯಾಗಿ, ಕಂತು ಕಡಿತವಾಗದೆ ವಿಮೆ ನಿಂತುಹೋಗಿರುತ್ತದೆ. ಯಾರಿಗೂ ಗೊತ್ತಾಗುವುದೂ ಇಲ್ಲ. ಮೇ ಕೊನೆಯ ವಾರ ಇಬ್ಬರ ಖಾತೆಯಲ್ಲೂ ಐನೂರಾದರೂ ಇರಲಿ, ಪಾಸ್‌ಬುಕ್ಕಿನಲ್ಲಿ ಕಡಿತ ಆದದ್ದನ್ನು ನೋಡಿ ಗುರುತು ಹಾಕು.

ಭಾನುವಾರ ಆರಾಧನೆ ಮುಗಿಸಿ ಇಬ್ಬರೂ ಊಟಕ್ಕೆ ಬನ್ನಿ. ಬರುವಾಗ ಪಾಸ್‌ಬುಕ್, ಸೊಸೈಟಿಯ ಚೀಟಿ, ಒಂದು ಇನ್ನೂರು ಪುಟದ ನೋಟ್‌ಪುಸ್ತಕ ತನ್ನಿ. ಮೊದಲ ಪುಟದ ಗೆರೆ ನಾನೇ ಎಳೆದುಕೊಡುತ್ತೇನೆ.

ನಿನ್ನ ದೊಡ್ಡಮ್ಮ