ಬಾಟಲಿಯ ಬೀಜ ಬಾಯಿಪಾಠ ಮಾಡಿದವರಿಗೇ ಕೃಷಿ ಸೀಟು?

ಮಾನ್ಯ ಸಂಪಾದಕರೇ,

ಸಿಇಟಿ ಫಲಿತಾಂಶ ಬಂತೆಂದರೆ ಪತ್ರಿಕೆಗಳಲ್ಲಿ ಎಂಜಿನಿಯರಿಂಗ್, ಮೆಡಿಕಲ್ ಸೀಟಿನದ್ದೇ ಮಾತು. ಕಟಾಫ್, ಆಪ್ಷನ್ ಎಂಟ್ರಿ, ಅಣಕು ಹಂಚಿಕೆ ಎಂದು ಪುಟಗಟ್ಟಲೆ ಬರುತ್ತದೆ. ಬಿ.ಎಸ್ಸಿ ಕೃಷಿ ಸೀಟಿಗಾಗಿ ರೈತರ ಮಕ್ಕಳು ಎದುರಿಸುವ ಪ್ರಾಯೋಗಿಕ ಪರೀಕ್ಷೆಯ ಸುದ್ದಿಗೆ ಮಾತ್ರ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು. ನಾನು ಸಿರಾ ತಾಲ್ಲೂಕಿನಲ್ಲಿ ಕಡಲೆಕಾಯಿ, ರಾಗಿ ಬೆಳೆಯುವವನು. ಮಗಳನ್ನು ಆ ಪರೀಕ್ಷೆಗೆ ಕರೆದುಕೊಂಡು ಹೋಗಿಬಂದವನು. ಅವಳೀಗ ಹಾಸನದ ಕಾರೆಕೆರೆ ಕೃಷಿ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಈ ಸಲ ನನ್ನ ತಮ್ಮನ ಮಗನ ಸರದಿ. ಅವನನ್ನು ಪ್ರಾಕ್ಟಿಕಲ್ ಕೋಚಿಂಗ್‌ಗೆ ಸೇರಿಸಬೇಕೋ ಬೇಡವೋ ಎಂದು ಮನೆಯಲ್ಲಿ ಜಗಳವೇ ಆಗಿ, ಅಲ್ಲಿ ಹೇಳಿ ಮುಗಿಸಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳ ಸೀಟುಗಳಲ್ಲಿ ಒಂದು ಪಾಲು ರೈತರ ಮಕ್ಕಳಿಗೆ ಮೀಸಲು. ಶೇ 40 ಇದ್ದದ್ದನ್ನು ಶೇ 50ಕ್ಕೆ ಏರಿಸುವುದಾಗಿ 2021ರಲ್ಲಿ ಸರ್ಕಾರ ಘೋಷಿಸಿತು. ಈ ಪಾಲಿನಲ್ಲಿ ಸೀಟು ಬೇಕೆಂದರೆ ಪಿಯುಸಿ ಅಂಕ, ಸಿಇಟಿ ಅಂಕ ಎರಡೇ ಸಾಲದು. 200 ಅಂಕಗಳ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಬೀಜ, ಗಿಡ, ಗೊಬ್ಬರ, ಉಪಕರಣ ಇಂಥವನ್ನು ಕಂಡು ಗುರುತು ಹಿಡಿಯಬೇಕು. ಹೀಗೊಂದು ಪರೀಕ್ಷೆ ಇಟ್ಟಿದ್ದು ನನ್ನ ಮಟ್ಟಿಗೆ ಸರಿಯೇ. ಬೆಂಗಳೂರಿನಲ್ಲಿ ನೌಕರಿ ಮಾಡಿಕೊಂಡು ಊರಿನ ಎರಡೆಕರೆಯನ್ನು ಬೇರೆಯವರಿಗೆ ವಾರಕ್ಕೆ (ಬೆಳೆಯ ಪಾಲಿಗೆ) ಬಿಟ್ಟವರ ಮಗನೂ ಪಹಣಿ ಪ್ರಕಾರ ರೈತನ ಮಗನೇ. ಬೆಳಿಗ್ಗೆ ಎದ್ದು ಕೊಟ್ಟಿಗೆ ಕಸ ಬಾಚಿ ಸ್ಕೂಲಿಗೆ ಓಡಿದವಳೂ ರೈತನ ಮಗಳೇ. ಅವರನ್ನು ಬೇರೆ ಮಾಡಲು ಜರಡಿಯೊಂದು ಬೇಕಿತ್ತು, ಇಟ್ಟರು.

ಆ ಜರಡಿಯ ಕಣ್ಣನ್ನೇ ದೊಡ್ಡದು ಮಾಡುವ ಕಸುಬು ಈಗ ಚೆನ್ನಾಗಿ ನಡೆಯುತ್ತಿದೆ. ಸಿಇಟಿ ಮುಗಿದ ಮರುದಿನವೇ ವಾಟ್ಸ್‌ಆ್ಯಪ್‌ನಲ್ಲಿ ಜಾಹೀರಾತು: ಅಗ್ರಿ ಪ್ರಾಕ್ಟಿಕಲ್‌ಗೆ ವಿಶೇಷ ತರಬೇತಿ, ಊಟ ವಸತಿ ಸಹಿತ, ನೋಟ್ಸ್ ಉಚಿತ. ಸಾಲಾಗಿ ಜೋಡಿಸಿದ ಸಣ್ಣ ಗಾಜಿನ ಬಾಟಲಿಗಳು, ಒಂದೊಂದರ ಮೇಲೂ ಚೀಟಿ, ಒಳಗೆ ಚಿಟಿಕೆ ಬೀಜ. ಬಣ್ಣದ ಚಿತ್ರಗಳ ಪಿಡಿಎಫ್. ಹೊಲದ ಮುಖ ನೋಡದ ಹುಡುಗನೂ ಕೆಲವೇ ದಿನಗಳಲ್ಲಿ ಅದನ್ನೆಲ್ಲ ಬಾಯಿಪಾಠ ಮಾಡಬಹುದು. ಅವನದ್ದಂತೂ ಸರಿ, ನನ್ನ ತಲೆಬಿಸಿ ಇರುವುದು ನಮ್ಮ ಮಕ್ಕಳ ಬಗ್ಗೆ. ಹೊಲದ ಬದುವಿನಲ್ಲೇ ಹುಟ್ಟಿ ಬೆಳೆದ ಮಕ್ಕಳನ್ನೂ ನಾವು ಸಾಲ ಮಾಡಿ ಅಲ್ಲಿಗೇ ಕಳಿಸುತ್ತಿದ್ದೇವೆ, ಹುರುಳಿ ಯಾವುದು ಅಲಸಂದೆ ಯಾವುದು ಎಂದು ಕಲಿಯಲು!

ಯಾಕೆ ಹೀಗಾಯಿತು ಎಂದರೆ, ಹತ್ತನೇ ಕ್ಲಾಸು ಮುಗಿಯುತ್ತಲೇ ಮಗು ಬುದ್ಧಿವಂತ ಎಂದಾದರೆ ರೆಸಿಡೆನ್ಶಿಯಲ್ ಪಿಯು ಕಾಲೇಜಿಗೆ ಹಾಕುತ್ತೇವೆ. ಅಲ್ಲಿ ಬೆಳಗಿನ ಜಾವ ಎಬ್ಬಿಸಿ ರಾತ್ರಿವರೆಗೂ ಕೂರಿಸುತ್ತಾರೆ. ನನ್ನ ಮಗಳಿದ್ದ ಕಡೆ ದಸರೆಗೂ ಯುಗಾದಿಗೂ ಊರಿಗೆ ಕಳಿಸುತ್ತಿರಲಿಲ್ಲ. ಕಡಲೆಕಾಯಿ ಕೀಳುವ ಕಾಲಕ್ಕೆ ಒಂದು ಭಾನುವಾರ ಬಿಡಿ ಎಂದು ಕೇಳಿದ್ದಕ್ಕೆ, 'ಏನ್ ಸರ್, ನೀವೇ ಹಿಂಗ್ ಕೇಳಿದ್ರೆ ಹೆಂಗೆ? ಮಗು ಫೋಕಸ್ ಹೋಗಲ್ವಾ?' ಎಂದು ವಾರ್ಡನ್ ನನಗೇ ಬುದ್ಧಿ ಹೇಳಿದರು. ಮನೆಗೆ ಬಂದಾಗಲಾದರೂ ಸರಿಯೇ ಎಂದರೆ ಅದೂ ಇಲ್ಲ. ನಮ್ಮೂರಲ್ಲಿ ಯಾರ ಮನೆಗೆ ಹೋದರೂ ಇದೇ ಮಾತು ಕೇಳುತ್ತದೆ: ಬಿಸಿಲಿಗೆ ಬರಬೇಡ, ಒಳಗೆ ಕೂತು ಓದಿಕೋ, ಈ ಮಣ್ಣಿನ ಸಹವಾಸ ನಮಗೇ ಸಾಕು. ಹೀಗೆ ಎರಡು ವರ್ಷ ಮಣ್ಣಿನಿಂದ ದೂರ ಇಟ್ಟ ಮಗುವಿಗೆ ಆಮೇಲೆ ಬಾಟಲಿಯಲ್ಲಿ ಬೀಜ ತೋರಿಸಿ ದುಡ್ಡು ಕಟ್ಟುವವರೂ ನಾವೇ.

ಮಗಳು ಸಿಇಟಿ ಬರೆದು ಮನೆಗೆ ಬಂದಾಗ ನನ್ನ ಹೆಂಡತಿಗೂ ಕೋಚಿಂಗ್‌ಗೆ ಕಳಿಸುವ ಆಸೆ. 'ಎಲ್ರೂ ಹೋಗ್ತಾವ್ರೆ, ನಮ್ಮುಡ್ಗಿ ಒಬ್ಳೇ ಹಿಂದೆ ಬಿದ್ರೆ?' ಅಂದಳು. ತಾಯಿಯ ಭಯ ಸುಳ್ಳಲ್ಲ. ಆದರೆ ನನ್ನ ಅವ್ವ ಅದನ್ನು ಕೇಳಿಸಿಕೊಂಡು, ಏನೂ ಮಾತಾಡದೆ ಅಟ್ಟದಿಂದ ಬಟ್ಟೆಗಂಟುಗಳನ್ನು ಇಳಿಸಿದಳು. ಬೂದಿ ಬೆರೆಸಿ ಕಟ್ಟಿಟ್ಟ ಬಿತ್ತನೆ ಬೀಜ. ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಒಂದೊಂದು ಹಿಡಿ ಸುರಿದು ಮೊಮ್ಮಗಳನ್ನು ಕೂರಿಸಿಕೊಂಡಳು. ನವಣೆ, ಸಾಮೆ, ಹಾರಕ, ಬರಗು. ಹುಡುಗಿ ನವಣೆ ಗುರುತು ಹಿಡಿದಳು, ಸಾಮೆಗೂ ಕೊರಲೆಗೂ ತಬ್ಬಿಬ್ಬಾದಳು. ಫೋನಿನಲ್ಲಿ ಚಿತ್ರ ಹುಡುಕಲು ಹೋದರೆ ಅವ್ವ ಕೈ ತಟ್ಟಿ, 'ಕಣ್ಣಾಗೆ ನೋಡಿದ್ರೆ ತಿಳಿಯಾಕಿಲ್ಲ ಕಣೆ, ಕೈಯಾಗೆ ಉಜ್ಜು. ಬಾಯಿಗಾಕು' ಅಂದಳು. ಉಜ್ಜಿದಳು, ಹಲ್ಲಲ್ಲಿ ಕಡಿದಳು, ಉಗುಳಿದಳು. ಕೊರಲೆ ನಮ್ಮ ಸಿರಾ, ಮಧುಗಿರಿ, ಪಾವಗಡ ಕಡೆಯ ಧಾನ್ಯ. ಅಣ್ಣನ ಮಗ ತಂದಿದ್ದ ಕೋಚಿಂಗ್ ಪಿಡಿಎಫ್‌ನಲ್ಲಿ ಅದು ಇರಲೇ ಇಲ್ಲ.

ಆಮೇಲೆ ಅದು ದಿನಾ ಸಾಯಂಕಾಲದ ಆಟವಾಯಿತು. ಹುಚ್ಚೆಳ್ಳಿಗೂ ಎಳ್ಳಿಗೂ ವ್ಯತ್ಯಾಸ, ತೊಗರಿಯಲ್ಲಿ ಕೆಂಪು, ಬಿಳಿ. ರಾಗಿ ವಿಷಯ ಬಂದಾಗ ಅವ್ವನಿಗೆ ತಾತನ ಕಾಲದ 'ಇಂಡಾಫ್' ನೆನಪಾಯಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಸಂಕರ ಮಾಡಿ ತೆಗೆದ ತಳಿ ಅದು. ಇಂಡಿಯಾ, ಆಫ್ರಿಕಾ ಸೇರಿ ಇಂಡಾಫ್. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಕೃಷಿ ಓದಿದರೆ ಏನಾಗುತ್ತೀಯ ಎಂದು ಕೇಳುವ ನೆಂಟರಿಗೆ ಮಗಳು ಈಗಲೂ ಕೊಡುವ ಉತ್ತರ ಈ ಹೆಸರೇ.

ನನ್ನ ಪಾಲಿಗೆ ಬಂದದ್ದು ಹೊಲದ ಪಾಠ. ಬೋರ್‌ವೆಲ್ ಪಕ್ಕದಲ್ಲಿ ಪೂರ್ವ ಮುಂಗಾರಿಗೆ ಹಾಕಿದ್ದ ಹೆಸರುಕಾಳಿನ ಬೆಳೆ ಹೂವಿಗೆ ಬಂದಿತ್ತು. ಒಂದು ಗಿಡವನ್ನು ಸುತ್ತ ಅಗೆದು ಮಣ್ಣು ಸಮೇತ ಎತ್ತಿ, ಬಕೆಟ್ಟಿನಲ್ಲಿ ಅದ್ದಿ ತೊಳೆದೆ. ಬೇರಿನ ತುಂಬ ಸಣ್ಣ ಗಂಟು. ಉಗುರಿನಲ್ಲಿ ಒಂದನ್ನು ಸೀಳಿದರೆ ಒಳಗೆ ಕೆಂಪು ಬಣ್ಣ. ಮಗಳು ಬಯಾಲಜಿಯಲ್ಲಿ ರೈಜೋಬಿಯಂ (ಆ ಗಂಟಿನೊಳಗಿನ ಬ್ಯಾಕ್ಟೀರಿಯಾ), ಲೆಗ್‌ಹಿಮೊಗ್ಲೋಬಿನ್ (ಗಂಟಿಗೆ ಕೆಂಪು ಬಣ್ಣ ಕೊಡುವ ವಸ್ತು) ಎಂದೆಲ್ಲ ಬರೆದು ಅಂಕ ತೆಗೆದವಳು. 'ಅಪ್ಪಾ, ಇದು ನಿಜವಾಗ್ಲೂ ಕೆಂಪಗೇ ಇರುತ್ತಾ?' ಎಂದಳು. ಗೊಬ್ಬರವನ್ನೂ ಹಾಗೇ ಕಲಿತಳು. ಯೂರಿಯಾ ಒದ್ದೆ ಅಂಗೈಗೆ ಹಾಕಿಕೊಂಡರೆ ತಣ್ಣಗಾಗುತ್ತದೆ, ಪೊಟ್ಯಾಷ್ ಕೆಂಪು ಉಪ್ಪಿನ ಹರಳು, ಡಿಎಪಿ ಕಾಳು ಬೆರಳಿಗೆ ಸುಲಭವಾಗಿ ಪುಡಿಯಾಗದು. ಕಡಲೆಕಾಯಿಗೆ ಬರುವ ಸುರುಳಿಪೂಚಿ ಹುಳ, ಎಲೆಚುಕ್ಕೆ ರೋಗ ಆಗ ಹೊಲದಲ್ಲಿ ಇರಲಿಲ್ಲ, ಹೋದ ವರ್ಷ ನಾನೇ ತೆಗೆದ ಫೋಟೊ ತೋರಿಸಿದೆ. ಮೂಲೆಯಲ್ಲಿ ಒರಗಿಸಿದ್ದ, ಬೀಜ ಬಿತ್ತುವ ಕೂರಿಗೆ ಈಗ ಟ್ರ್ಯಾಕ್ಟರ್ ಬಂದ ಮೇಲೆ ಕೋಳಿ ಕೂರುವ ಜಾಗ. ಅದನ್ನು ತೊಳೆದು ಬಟ್ಟಲು, ಕೊಳವೆ, ಹಲ್ಲು ಎಲ್ಲ ಬಿಡಿಸಿ ತೋರಿಸುವಾಗ ನನಗೂ ಹಳೆಯ ಕೈಚಳಕ ಮರಳಿ ಬಂದಂತಾಯಿತು.

ಬಾಳೆ, ಅಡಿಕೆ, ರೇಷ್ಮೆ ವಿಚಾರ ನಮಗೆ ಅಷ್ಟಾಗಿ ಗೊತ್ತಿಲ್ಲ. ಅದಕ್ಕೆ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಅಲ್ಲಿನವರು ಬೇಸರಿಸದೆ ತಾಕುಗಳನ್ನು ತೋರಿಸಿದರು. ಈ ಪರೀಕ್ಷೆ ಕಷ್ಟವಾಗುವುದೇ ಇಲ್ಲಿ. ಸಿರಾದ ಮಗುವಿಗೆ ಕಾಫಿ ಗಿಡ ಹೊಸದು, ಕೊಡಗಿನ ಮಗುವಿಗೆ ಕೂರಿಗೆ ಹೊಸದು. ಪರೀಕ್ಷೆ ಮಾತ್ರ ಇಬ್ಬರಿಗೂ ಒಂದೇ.

ಬೆಂಗಳೂರಿಗೆ ಹೋದದ್ದು ಮಳೆ ಹಿಡಿದಿದ್ದ ವಾರ. ಬಿತ್ತನೆ ಸಮಯ, ಹೊಲ ಹೆಂಡತಿಯ ಮೇಲೆ ಬಿತ್ತು. ಗೊರಗುಂಟೆಪಾಳ್ಯದಲ್ಲಿ ಇಳಿದು ಹೆಬ್ಬಾಳದ ಬಸ್ಸು ಹಿಡಿದು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ ಸೇರಿದೆವು. ಮರಗಳ ಕೆಳಗೆ ಅಪ್ಪ ಅಮ್ಮಂದಿರ ಜಾತ್ರೆ. ನಮ್ಮ ಪಕ್ಕದಲ್ಲೇ ಒಬ್ಬರು ಚೀಲದಿಂದ ಬಾಟಲಿ ತೆಗೆದು ತೆಗೆದು ಮಗನ ಮುಖಕ್ಕೆ ಹಿಡಿಯುತ್ತಿದ್ದರು. ಇದೇನು? ಇದೇನು? ಹುಡುಗ ಎರಡು ತಪ್ಪು ಹೇಳಿದ. ಅವರು ಎಲ್ಲರೆದುರಿಗೇ, 'ಇಷ್ಟ್ ದುಡ್ ಸುರ್ದು ಇದೇನಾ ಕಲ್ತಿದ್ದು?' ಎಂದುಬಿಟ್ಟರು. ಹುಡುಗನ ಕಣ್ಣಲ್ಲಿ ನೀರು. ಒಳಗೆ ಹೋಗುವ ಹೊತ್ತಿಗೆ ಆ ಮಗುವಿಗೆ ರಾಗಿಯೂ ಸಾಸಿವೆಯಂತೆ ಕಂಡರೆ ಅಚ್ಚರಿಯಿಲ್ಲ. ಮಕ್ಕಳ ಪರೀಕ್ಷೆಯ ಬಾಗಿಲಲ್ಲಿ ನಾವು ಮಾಡಬೇಕಾದದ್ದು ಬಹಳ ಕಡಿಮೆ: ಹಾಲ್ ಟಿಕೆಟ್ ಇದೆಯೇ, ನೀರು ಕುಡಿದಳೇ, ಶೌಚಾಲಯ ಎಲ್ಲಿದೆ. ನಾನು ಮಗಳನ್ನು ಕೇಳಿದ್ದು ಚಿತ್ರಾನ್ನ ಇನ್ನೊಂದು ಸ್ವಲ್ಪ ತಿಂತೀಯಾ ಎಂದಷ್ಟೇ. ಅವಳು ಬೇಡ ಅಂದಳು, ಪಕ್ಕದ ಹುಡುಗನಿಗೆ ಕೊಟ್ಟಳು.

ಇಷ್ಟು ಹೇಳಿದ್ದು ಕೋಚಿಂಗ್ ನಡೆಸುವವರನ್ನು ಬಯ್ಯಲು ಅಲ್ಲ. ಬೇಡಿಕೆ ಇದ್ದಲ್ಲಿ ಅಂಗಡಿ ತೆರೆಯುತ್ತದೆ. ನನ್ನ ಕೋರಿಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಕೃಷಿ ವಿಶ್ವವಿದ್ಯಾಲಯಗಳು ಮತ್ತು ಕೃಷಿ ಇಲಾಖೆಗೆ. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಇದೆ. ಬೀಜ, ಗೊಬ್ಬರ, ಉಪಕರಣ ಅಲ್ಲಿ ಇದ್ದೇ ಇರುತ್ತವೆ, ಕೃಷಿ ಅಧಿಕಾರಿಯೂ ಇರುತ್ತಾರೆ. ಸಿಇಟಿ ಮುಗಿದ ಮೇಲೆ ಪ್ರಾಯೋಗಿಕ ಪರೀಕ್ಷೆಯವರೆಗೆ ವಾರಕ್ಕೆ ಒಂದು ದಿನ ಅಲ್ಲೊಂದು ಕೋಣೆಯಲ್ಲಿ ಇವನ್ನು ಹರವಿ, ಅರ್ಜಿ ಹಾಕಿದ ಮಕ್ಕಳಿಗೆ ಮುಟ್ಟಿ ನೋಡಲು ಬಿಡಲಿ. ಬೇರೆ ಸೀಮೆಯ ಬೆಳೆಗಳ ಮಾದರಿಯನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಒದಗಿಸಲಿ. ಕೂಲಿ ಮಾಡಿ ಮಗಳನ್ನು ಓದಿಸುವ ತಾಯಿಗೆ ಕೋಚಿಂಗ್ ಊರಿನ ಬಸ್ ಚಾರ್ಜೂ ಉಳಿಯುತ್ತದೆ.

ಎರಡನೆಯದು ಪರೀಕ್ಷೆಯ ಸ್ವರೂಪ. ಹೆಸರು ಹೇಳುವುದನ್ನು ಬಾಟಲಿ ನೋಡಿದವನೂ ಕಲಿಯುತ್ತಾನೆ. ಕೆಲಸ ಬಲ್ಲವರಿಗೆ ಮಾತ್ರ ಹೊಳೆಯುವಂಥದ್ದನ್ನು ಹೆಚ್ಚು ಕೇಳಿ. ರಾಗಿಯಲ್ಲಿ ಅಕ್ಕಡಿ ಸಾಲು (ನಡುನಡುವೆ ಬೇರೆ ಬೆಳೆಯ ಸಾಲು) ಯಾಕೆ ಹಾಕುತ್ತಾರೆ, ಸಾಲಿನ ನಡುವಿನ ಕಳೆ ತೆಗೆಯಲು ಎಡೆಕುಂಟೆ ಯಾವಾಗ ಹೊಡೆಯಬೇಕು, ಹಸು ಮೇವು ಬಿಟ್ಟರೆ ಮೊದಲು ಏನು ನೋಡಬೇಕು. ಕೃಷಿ ಪದವಿಯ ಕೊನೆಯ ವರ್ಷದಲ್ಲಿ ವಿಶ್ವವಿದ್ಯಾಲಯಗಳೇ ಗ್ರಾಮೀಣ ಕಾರ್ಯಾನುಭವ ಎಂದು ವಿದ್ಯಾರ್ಥಿಗಳನ್ನು ಹಳ್ಳಿಗೆ ಕಳಿಸಿ ರೈತರ ಮನೆಬಾಗಿಲಲ್ಲಿ ಕಲಿಸುತ್ತವೆ. ಅಂಥ ಕಲಿಕೆಗೆ ಬೆಲೆ ಇದೆ ಎಂದಮೇಲೆ ಸೀಟು ಕೊಡುವಾಗಲೂ ಅದಕ್ಕೆ ತೂಕ ಇರಲಿ.

ರೆಸಿಡೆನ್ಶಿಯಲ್ ಕಾಲೇಜುಗಳ ಆಡಳಿತದವರಿಗೂ ಒಂದು ಮಾತು. ಬಿತ್ತನೆಗೊಂದು, ಸುಗ್ಗಿಗೊಂದು ಭಾನುವಾರ ಮಕ್ಕಳನ್ನು ಬಿಡಿ. ಫೋಕಸ್ ಎಲ್ಲೂ ಹೋಗುವುದಿಲ್ಲ.

ಮುಂದಿನ ವರ್ಷ ಮಕ್ಕಳನ್ನು ಈ ಪರೀಕ್ಷೆಗೆ ಕಳಿಸುವ ತಂದೆತಾಯಂದಿರು ಬೀಜಕ್ಕಿಂತ ಮೊದಲು ಪಹಣಿ ನೋಡಿಕೊಳ್ಳಿ. ನಮ್ಮ ಕಡೆ ಜಮೀನು ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇರುವ ಮನೆಗಳು ಬೇಕಾದಷ್ಟಿವೆ. ಪೌತಿ ಖಾತೆ (ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು) ಆಗಿಲ್ಲದಿದ್ದರೆ ವಂಶವೃಕ್ಷ ಬೇಕು, ಅದಕ್ಕೆ ಗ್ರಾಮ ಆಡಳಿತಾಧಿಕಾರಿಯ ವರದಿ ಬೇಕು, ಅಣ್ಣತಮ್ಮಂದಿರ ಒಪ್ಪಿಗೆ ಬೇಕು. ಪಾಲಿನ ಜಗಳ ಇದ್ದರಂತೂ ದಾಯಾದಿಗಳ ಸಹಿಗೆ ವಾರಗಟ್ಟಲೆ ಕಾಯಬೇಕು. ವ್ಯವಸಾಯ ಕುಟುಂಬದ ದೃಢೀಕರಣ ಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡುವುದನ್ನು ಮಗು ಸೆಕೆಂಡ್ ಪಿಯುಸಿಗೆ ಕಾಲಿಟ್ಟಾಗಲೇ ಶುರು ಮಾಡಿ. ಆಧಾರ್‌ನಲ್ಲಿ, ಅಂಕಪಟ್ಟಿಯಲ್ಲಿ, ಪಹಣಿಯಲ್ಲಿ ತಂದೆಯ ಹೆಸರಿನ ಇನಿಷಿಯಲ್ ಒಂದೇ ತರಹ ಇದೆಯೇ ಎಂದೂ ನೋಡಿ. ನಾಡಕಚೇರಿಗೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಸರ್ವರ್ ಮಲಗುವುದು ಸಾಮಾನ್ಯವಾಗಿ ಹನ್ನೊಂದರ ಮೇಲೆ.

ಇಂತಿ,
ಒಬ್ಬ ರೈತ
ಸಿರಾ ತಾಲ್ಲೂಕು, ತುಮಕೂರು ಜಿಲ್ಲೆ