ಚಳಿಗೆ ಆಯಿಲ್ ಬದಲಿಸುವುದು ಬೇಡ, ಸಕ್ಕರೆ ಕಾರ್ಖಾನೆ ಯಾರ್ಡಿನ ಸರದಿ ಬದಲಾಗಲಿ

ಮಾನ್ಯ ಸಂಪಾದಕರೇ,

‘ಚಳಿಗಾಲ ಬಂತು, ಡೀಸೆಲ್ ಲಾರಿಗಳಿಗೆ ತೆಳು ಆಯಿಲ್ ಹಾಕಿಸಿ’ ಎಂಬ ಸಲಹೆ ನಿಮ್ಮ ವಾಹನ ಅಂಕಣದಲ್ಲಿ ಕಳೆದ ವಾರ ಬಂದಿತ್ತು. ನಮ್ಮ ಡ್ರೈವರ್ ಆ ತುಣುಕು ಕತ್ತರಿಸಿಕೊಂಡೇ ಮನೆಗೆ ಬಂದ. ‘ವೈನಿ, ಪೇಪರಿನಾಗ ಬಂದೈತ್ರಿ, ಥಂಡಿಗಿ ಬ್ಯಾರೆ ಆಯಿಲ್ ಹಾಕಸಬೇಕಂತ’ ಅಂದ. ಗಾಡಿ ಓಡಿಸುವ ಉಸ್ತುವಾರಿ ನಮ್ಮ ಯಜಮಾನರದು. ಆರ್‌ಸಿ ಮಾತ್ರ ನನ್ನ ಹೆಸರಿನಲ್ಲಿದೆ, ರೊಕ್ಕದ ಲೆಕ್ಕವೂ ನನ್ನದೇ. ಕಂಪನಿ ಕೊಟ್ಟ ಕೈಪಿಡಿಯನ್ನು ಮನೆಯಲ್ಲಿ ಪೂರ್ತಿ ಓದಿದವಳೂ ನಾನೊಬ್ಬಳೇ. ಅದಕ್ಕೇ ಈ ಪತ್ರ.

ಆ ಸಲಹೆ ಹಿಮ ಬೀಳುವ ಊರಿಗೆ ಸರಿ ಇರಬಹುದು. ನಮ್ಮ ಬಾಗಲಕೋಟೆ ಕಡೆ ಡಿಸೆಂಬರ್–ಜನವರಿಯ ನಸುಕಿನಲ್ಲಿ ಹನ್ನೆರಡು ಹದಿಮೂರು ಡಿಗ್ರಿ ಇರುತ್ತದೆ. ವಿಜಯಪುರದಲ್ಲಿ ಒಂದೊಂದು ವರ್ಷ ಹತ್ತರ ಒಳಗೂ ಇಳಿಯುತ್ತದೆ. ನಮಗೆ ಅಷ್ಟಕ್ಕೇ ಕಂಬಳಿ ಬೇಕು, ನಿಜ. ಆಯಿಲ್‌ಗೆ ಅದು ಚಳಿಯೇ ಅಲ್ಲ. ಹೆಚ್ಚಿನ ಲಾರಿಗಳಿಗೆ ಹಾಕುವ 15ಡಬ್ಲ್ಯು-40 ಆಯಿಲನ್ನೇ ನೋಡಿ. ಡಬ್ಲ್ಯು ಅಕ್ಷರದ ಎಡಕ್ಕಿರುವ 15 ಚಳಿಯ ಅಂಕಿ, ಬಲಕ್ಕಿರುವ 40 ಎಂಜಿನ್ ಕಾದ ಮೇಲಿನದು. ಎಸ್‌ಎಇ ಎಂಬ ಎಂಜಿನಿಯರರ ಸಂಸ್ಥೆಯ ಗುಣಮಟ್ಟದ ಪ್ರಕಾರ 15ಡಬ್ಲ್ಯು ಆಯಿಲ್ ಸೊನ್ನೆಗಿಂತ 20 ಡಿಗ್ರಿ ಕೆಳಗೂ ಎಂಜಿನ್ ತಿರುಗಲು ಬಿಡಬೇಕು, 25 ಡಿಗ್ರಿ ಕೆಳಗೂ ಪಂಪಿಗೆ ಎಳೆಯಲು ಸಿಗಬೇಕು. 20ಡಬ್ಲ್ಯು ಆಯಿಲ್‌ಗೆ ಈ ಮಿತಿಗಳು ಮೈನಸ್ 15 ಮತ್ತು ಮೈನಸ್ 20. ನಮ್ಮ ಅತಿ ಕೆಟ್ಟ ಚಳಿಗೂ ಈ ಅಂಕಿಗಳಿಗೂ ಎಷ್ಟು ಅಂತರವಿದೆ ನೀವೇ ಲೆಕ್ಕ ಹಾಕಿ. ಒಮ್ಮೆಗೆ 15 ಲೀಟರ್ ಆಸುಪಾಸು ಕುಡಿಯುವ ಎಂಜಿನ್ನಿಗೆ ದುಬಾರಿ ತೆಳು ಆಯಿಲ್ 5ಡಬ್ಲ್ಯು-30 ಸುರಿಸಿ ನಮ್ಮೂರಿನಲ್ಲಿ ಗಳಿಸುವುದೇನೂ ಇಲ್ಲ.

ಬೆಲ್ಲದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಪ್ಪರಿಗೆಯಲ್ಲಿ ನೀರಿನಂತೆ ಹರಿಯುವ ಪಾಕ ಆರುತ್ತ ಆರುತ್ತ ಗಟ್ಟಿಯಾಗುವ ಹಾಗೆ ಆಯಿಲೂ ತಣಿದರೆ ದಪ್ಪಗಾಗುತ್ತದೆ. ಆದರೆ ಎಷ್ಟು ತಣಿದಾಗ ತೊಂದರೆ ಅನ್ನುವುದೇ ಮುಖ್ಯ.

ಹಳೆಯ ಮಿಸ್ತ್ರಿಗಳದು ಇದರ ಉಲ್ಟಾ ವಾದ. ಕಬ್ಬಿನ ಲೋಡು ಭಾರ, ಆದ್ದರಿಂದ 20ಡಬ್ಲ್ಯು-50 ಹಾಕಿ, ಗಟ್ಟಿ ಇದ್ದಷ್ಟೂ ಒಳ್ಳೆಯದು ಎನ್ನುತ್ತಾರೆ. ಅವರ ಕೈಗುಣಕ್ಕೆ ನಮಸ್ಕಾರ. ಆದರೆ ಈಗಿನ ಎಂಜಿನ್ನುಗಳ ಬೇರಿಂಗ್ ಸಂದು ಸಣ್ಣದು, ಮೇಲೆ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಬೇರೆ. ದಪ್ಪ ಆಯಿಲ್ ಅಲ್ಲಿಗೆಲ್ಲ ಬೇಗ ಮುಟ್ಟುವುದಿಲ್ಲ. ಕೈಪಿಡಿ 40 ಎಂದರೆ 40 ಹಾಕಿದರಾಯಿತು.

ಹಾಗಾದರೆ ಬೆಳಿಗ್ಗೆ ಗಾಡಿ ಯಾಕೆ ಬೇಗ ಎದ್ದೇಳುವುದಿಲ್ಲ? ಸಂಪಾದಕರೇ, ನಾನು ಬರೆಯಬೇಕೆಂದದ್ದು ಇದನ್ನೇ. ನವೆಂಬರಿನಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಮುಧೋಳ, ಜಮಖಂಡಿ, ರಬಕವಿ ಸುತ್ತಿನ ಲಾರಿಗಳೆಲ್ಲ ಕಾರ್ಖಾನೆಯ ಯಾರ್ಡಿನಲ್ಲಿ ಸಾಲು ನಿಲ್ಲುತ್ತವೆ. ಕೆಲವೊಮ್ಮೆ ಇಡೀ ರಾತ್ರಿ, ಕೆಲವೊಮ್ಮೆ ಮರುದಿನ ಮಧ್ಯಾಹ್ನದವರೆಗೆ. ಮುಂದಿನ ಗಾಡಿ ಹತ್ತು ಮಾರು ಸರಿದರೆ ಸೆಲ್ಫ್ ಹೊಡೆದು ಇದೂ ಹತ್ತು ಮಾರು ಸರಿಯಬೇಕು, ಮತ್ತೆ ಬಂದ್. ಒಂದೊಂದು ಸಲ ಸೆಲ್ಫ್ ಹೊಡೆದಾಗಲೂ ಬ್ಯಾಟರಿ ಕಳೆದುಕೊಂಡದ್ದು ಆ ಅರ್ಧ ನಿಮಿಷದ ಓಟದಲ್ಲಿ ವಾಪಸ್ ತುಂಬುವುದಿಲ್ಲ. ಚಳಿಯಲ್ಲಿ ಬ್ಯಾಟರಿಯ ಬಲ ಮೊದಲೇ ಕಡಿಮೆ. ಡೀಸೆಲ್ ಎಂಜಿನ್ನಿಗೆ ಕಿಡಿ ಹಚ್ಚುವ ಪ್ಲಗ್ ಇಲ್ಲ, ಒತ್ತಿದ ಗಾಳಿಯ ಬಿಸಿಯಿಂದಲೇ ಡೀಸೆಲ್ ಹೊತ್ತಬೇಕು. ಸೆಲ್ಫ್ ನಿಧಾನ ತಿರುಗಿದರೆ ಆ ಬಿಸಿ ಹುಟ್ಟುವುದೇ ಇಲ್ಲ. ಎರಡು ಬ್ಯಾಟರಿಗಳಲ್ಲಿ ಒಂದು ಸೋತಿರುತ್ತದೆ, ಟರ್ಮಿನಲ್ ಮೇಲೆ ಬಿಳಿ ಪುಡಿ ಕೂತಿರುತ್ತದೆ, ಇಲ್ಲವೇ ಡೀಸೆಲ್ ಪೈಪು ಎಲ್ಲೋ ಗಾಳಿ ಎಳೆಯುತ್ತಿರುತ್ತದೆ. ಬೈಗುಳ ಮಾತ್ರ ಆಯಿಲ್‌ಗೆ.

ಬ್ಯಾಟರಿ ಉಳಿಸಲು ಕೆಲವರು ಎಂಜಿನ್ ಬಂದೇ ಮಾಡುವುದಿಲ್ಲ, ರಾತ್ರಿಯಿಡೀ ಗುರ್ ಎನ್ನುತ್ತಲೇ ಇರುತ್ತದೆ. ಇದು ಇನ್ನೂ ಕೆಟ್ಟದ್ದು. ಲೋಡಿಲ್ಲದೆ ನಿಂತಲ್ಲೇ ತಿರುಗುವ ಎಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ. ಪೂರ್ತಿ ಉರಿಯದ ಡೀಸೆಲ್ ಪಿಸ್ಟನ್ ಆಡುವ ಬೋರಿನ ಗೋಡೆ ಗುಂಟ ಇಳಿದು, ಕೆಳಗೆ ಆಯಿಲ್ ನಿಲ್ಲುವ ಚೇಂಬರ್ ಸೇರುತ್ತದೆ, ಮಸಿ ಸೇರುತ್ತದೆ, ಇಬ್ಬನಿ ಕಾಲದಲ್ಲಿ ನೀರಿನ ಅಂಶವೂ ಸೇರುತ್ತದೆ. ಆಯಿಲ್ ಸುರಿಯುವ ಮುಚ್ಚಳ ತೆಗೆದರೆ ಒಳಗೆ ಕೆನೆಯಂಥದ್ದು ಅಂಟಿರುವುದು ಇದಕ್ಕೇ. ಗೇಜು ಕಡ್ಡಿ ಎಳೆದು ನೋಡಿ ‘ಆಯಿಲ್ ಒಂದು ಹನಿ ಕಮ್ಮಿ ಆಗಿಲ್ರಿ’ ಎಂದು ಡ್ರೈವರ್ ಖುಷಿಪಟ್ಟರೆ ನನಗೆ ಅಲ್ಲೇ ಸಂಶಯ. ಮಟ್ಟ ಏರಿದ್ದರಂತೂ ಅದು ಹೆಚ್ಚಾಗಿ ಡೀಸೆಲ್ಲೇ. ಹೀಗೆ ಯಾರ್ಡಿನಲ್ಲಿ ಡೀಸೆಲ್ ಬೆರೆತು ತೆಳ್ಳಗಾಗುವ ಗಾಡಿಗೆ ಮೊದಲೇ ತೆಳ್ಳಗಿನ ಆಯಿಲ್ ಹಾಕಿಸಿ ಎಂದರೆ ಬೇರಿಂಗಿನ ಗತಿಯೇನು? ನಿಮ್ಮ ಅಂಕಣಕಾರರು ಇದನ್ನು ಯೋಚಿಸಿದಂತಿಲ್ಲ.

ಇನ್ನೊಂದು ಮಾತು. ನಾವೆಲ್ಲ ಆಯಿಲ್ ಬದಲಿಸುವುದು ಕಿಲೋಮೀಟರ್ ನೋಡಿ. ಯಾರ್ಡಿನಲ್ಲಿ ನಿಂತು ತಿರುಗಿದ ಎಂಜಿನ್ನಿನ ಕಿಲೋಮೀಟರ್ ಏರುವುದಿಲ್ಲ, ಆಯಿಲ್ ಮಾತ್ರ ಸವೆಯುತ್ತಿರುತ್ತದೆ. ಎಂಜಿನ್ ಓಡಿದ ತಾಸುಗಳನ್ನು ತೋರಿಸುವ ಗಾಡಿಯಾದರೆ ಅದನ್ನು ನೋಡಿ, ಇಲ್ಲದಿದ್ದರೆ ಹಂಗಾಮಿನಲ್ಲಿ ಕೈಪಿಡಿ ಹೇಳಿದ್ದಕ್ಕಿಂತ ಮೊದಲೇ ಬದಲಿಸಿ. ತೆಳು ಆಯಿಲ್‌ಗೆ ಹಾಕುವ ರೊಕ್ಕವನ್ನು ಇದಕ್ಕೆ ಹಾಕಬಹುದು.

2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 (ಹೊಗೆ ಮಿತಿಯ ಹೊಸ ನಿಯಮ) ಗಾಡಿಗಳವರು ದಪ್ಪ–ತೆಳು ಚರ್ಚೆ ಬಿಟ್ಟು ಆಯಿಲ್ ಬಕೆಟ್ಟಿನ ಮೇಲಿನ ಇನ್ನೊಂದು ಗುರುತು ನೋಡಬೇಕು. ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುವುದರಿಂದ ಬೂದಿ ಕಡಿಮೆ ಬಿಡುವ ಸಿಕೆ-4 ದರ್ಜೆಯದು ಅಥವಾ ಕಂಪನಿ ಹೆಸರಿಸಿದ್ದು ಬೇಕು. ಅದೇ 15ಡಬ್ಲ್ಯು-40 ಎಂದು ಹಳೆಯ ಸಿಐ-4 ಹಾಕಿಸಿದರೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಮಸಿ ಸುಟ್ಟು ಹೋಗುತ್ತದೆ, ಬೂದಿ ಹೋಗುವುದಿಲ್ಲ.

ಬೆಲ್ಲ ಹೇರಿಕೊಂಡು ಗುಜರಾತ, ರಾಜಸ್ಥಾನಕ್ಕೆ, ನಿಂಬೆ ಹೇರಿಕೊಂಡು ದಿಲ್ಲಿಗೆ ಹೋಗುವವರಿಗೂ 15ಡಬ್ಲ್ಯು-40 ಸಾಕು. ಲಡಾಖ್ ಕಡೆಯ ಬಾಡಿಗೆ ಹಿಡಿದವರು ಮಾತ್ರ ಕಂಪನಿಯವರನ್ನು ಕೇಳಿ ತೆಳು ದರ್ಜೆಗೆ ಹೋಗಲಿ. ಅಲ್ಲಿ ಆಯಿಲ್‌ಗಿಂತ ಮೊದಲು ಡೀಸೆಲ್ಲೇ ಮೇಣಗಟ್ಟುತ್ತದೆ. ಮೈನಸ್ 33 ಡಿಗ್ರಿವರೆಗೂ ಹರಿಯುವ ಚಳಿಗಾಲದ ಡೀಸೆಲನ್ನು ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ತಂದದ್ದು ಆ ಭಾಗಕ್ಕೆಂದೇ. ಚೇಂಬರ್ ಕೆಳಗೆ ಚಿಂದಿ ಬಟ್ಟೆಗೆ ಬೆಂಕಿ ಹಚ್ಚಿ ಕಾಯಿಸುವ ಚಾಳಿಯನ್ನು ದಯವಿಟ್ಟು ಬಿಡಿ, ಮೇಲೆ ವೈರು, ಬ್ರೇಕಿನ ಗಾಳಿ ಪೈಪು ಎಲ್ಲ ಇರುತ್ತವೆ.

ಕಾರ್ಖಾನೆಗಳಲ್ಲಿ ನನ್ನದೊಂದು ಕೋರಿಕೆ ಇದೆ. ಕಟಾವಿನ ಚೀಟಿ ಕೊಡುವಾಗ ದಿನದ ಜೊತೆ ತಾಸನ್ನೂ ಬರೆದುಕೊಡಿ, ಸರದಿ ಹತ್ತಿರ ಬಂದಾಗ ಡ್ರೈವರ್ ಮೊಬೈಲಿಗೆ ಸಂದೇಶ ಕಳಿಸಿ. ಗಾಡಿ ನಿಂತಷ್ಟು ಹೊತ್ತು ಕಬ್ಬೂ ಒಣಗುತ್ತದೆ, ತೂಕದಲ್ಲಿ ರೈತನಿಗೂ ಪೆಟ್ಟು. ರಾತ್ರಿ ಯಾರ್ಡಿನಲ್ಲಿ ಮಲಗುವ ಡ್ರೈವರ್, ಕ್ಲೀನರ್‌ಗಳಿಗೆ ಬೆಚ್ಚಗಿನ ಒಂದು ಕೋಣೆ ಕೊಟ್ಟರೆ ಕ್ಯಾಬಿನ್ ಬಿಸಿಗೆಂದು ಎಂಜಿನ್ ಓಡಿಸುವುದೂ ತಪ್ಪುತ್ತದೆ.

ನಿಮ್ಮ ಅಂಕಣಕಾರರು ಒಮ್ಮೆ ಯಾವುದಾದರೂ ಕಾರ್ಖಾನೆಯ ಯಾರ್ಡಿಗೆ ರಾತ್ರಿ ಹೊತ್ತು ಬಂದು ನೋಡಿ ಬರೆಯಲಿ. ಜನವರಿಯೊಳಗೆ ಬರೆದರೆ ಈ ಹಂಗಾಮಿಗೇ ಉಪಯೋಗಕ್ಕೆ ಬರುತ್ತದೆ.

– ಒಬ್ಬ ಲಾರಿ ಮಾಲಕಿ,
ಮಹಾಲಿಂಗಪುರ, ಬಾಗಲಕೋಟೆ ಜಿಲ್ಲೆ